ಒಂದು ಮಗ್ಗುಲು ಉದ್ಯೋಗ, ಒಂದು ಮಗ್ಗುಲು ಮನೆ

"ಅಕ್ಕಾ, ನೀನೇ ಹೇಳು. ಈ ಕಂಬಳಿ ಇದೆಯಲ್ಲ, ಇದು ಮಧ್ಯಾಹ್ನ ಎರಡಕ್ಕೆ ಗೋಡೆ ಹತ್ತುತ್ತೆ, ಐದೂವರೆಗೆ ಇಳಿಯುತ್ತೆ. ಗೋಡೆ ಮೇಲಿರೋವಾಗ ಅದು ನನ್ನ ಉದ್ಯೋಗದ ಸಾಮಾನು, ಅದರಲ್ಲಿ ಸಂಶಯ ಇಲ್ಲ. ರಾತ್ರಿ ನಿನ್ನ ಮೈಮೇಲೆ ಬಂತು ಅಂದ್ರೆ ಮನೆ ಸಾಮಾನು, ಅದರಲ್ಲೂ ಸಂಶಯ ಇಲ್ಲ. ಸರಿ. ಆದ್ರೆ ಐದೂವರೆಯಿಂದ ನೀನು ಮಲಗೋ ತನಕ ಮಡಚಿ ಮಂಚದ ಕಾಲ ಹತ್ರ ಇಟ್ಟಿರ್ತೀಯಲ್ಲ, ಆಗ ಅದೇನು? ಯಾರ ಕೆಲಸಾನೂ ಮಾಡ್ತಿಲ್ಲ. ಸುಮ್ನೆ ಇದೆ. ಸುಮ್ನೆ ಇರೋದನ್ನ ಯಾವ ಕಡೆ ಬರೀಲಿ? ಬೇಸಿಗೇಲಿ ನೀನು ಹೊದೆಯೋದೇ ಇಲ್ಲ, ಹಾಗಾದ್ರೆ ಬೇಸಿಗೇಲಿ ಕಂಬಳಿ ಪೂರ್ತಿ ಉದ್ಯೋಗದ್ದಾ? ಪೂರ್ತಿ ಉದ್ಯೋಗದ್ದಾ? ಇನ್ನೊಂದು ವಿಷಯ, ಇದನ್ನ ಕೊಂಡಿದ್ದು ನೀನು, ನಾನಲ್ಲ. ನಿನ್ನ ಕಂಬಳೀನ ನನ್ನ ಖರ್ಚು ಅಂತ ಹೇಗೆ ತೋರಿಸ್ಲಿ? ನಗಬೇಡ ಅಕ್ಕಾ. ನಗೋ ವಿಷಯ ಅಲ್ಲ ಇದು. ತೆರಿಗೆ ಕಾಗದದ ಕೆಳಗಡೆ ನಾನು ಸಹಿ ಹಾಕಬೇಕು. 'ಮೇಲೆ ಹೇಳಿರುವುದೆಲ್ಲ ನಿಜ' ಅಂತ ನನ್ನನ್ನ ಕೇಳದೇನೇ ಅಚ್ಚು ಹಾಕಿಬಿಟ್ಟಿದಾರೆ."

ಹೀಗೆ ಒಂದೇ ಉಸಿರಿನಲ್ಲಿ ಕೇಳಿ, ಕಂಬಳಿಯ ಅಂಚನ್ನು ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತವನು ನನ್ನ ತಮ್ಮ. ವಯಸ್ಸು ಐವತ್ತಾರು. ಕೂದಲು ನನಗಿಂತ ಹೆಚ್ಚು ಬೆಳ್ಳಗಾಗಿದೆ. ನಾನು ಅವನಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ನನ್ನನ್ನು ಕೇಳಿದರೆ ತೆರಿಗೆಯ ಉತ್ತರ ಸಿಕ್ಕೀತೆಂದು ಅವನೂ ನಂಬಿರಲಾರ. ಆದರೆ ಕೇಳಿಸಿಕೊಳ್ಳುವವರೊಬ್ಬರು ಎದುರಿಗಿಲ್ಲದೆ ಅವನಿಗೆ ಯಾವ ಮಾತನ್ನೂ ಆಡಿ ಮುಗಿಸಲು ಬರುವುದಿಲ್ಲ. ಅವನ ಹೊಟ್ಟೆಪಾಡೂ ಆ ಗುಣದ ಮೇಲೆಯೇ ನಿಂತಿದೆ.

ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಅವನು ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕುಳಿತು ಗಾಜು ಉಜ್ಜುತ್ತಾನೆ. ಅದು ತಿಂಗಳ ಸಂಬಳದ ಕೆಲಸ. ಮಧ್ಯಾಹ್ನವಾದ ಮೇಲೆ ಮನೆಗೆ ಬಂದು ದನಿ ಮಾರುತ್ತಾನೆ. ಲಿಫ್ಟಿನೊಳಗೆ "ಬಾಗಿಲು ಮುಚ್ಚುತ್ತಿದೆ" ಎಂದು ಒಂದು ಗಂಡಸಿನ ದನಿ ಹೇಳುತ್ತದಲ್ಲ, ಬಸ್ಸಿನಲ್ಲಿ "ಮುಂದಿನ ನಿಲ್ದಾಣ" ಎನ್ನುತ್ತದಲ್ಲ, ದೂರು ಹೇಳಲು ಫೋನ್ ಮಾಡಿದರೆ "ದಯವಿಟ್ಟು ಸ್ವಲ್ಪ ಕಾಯಿರಿ" ಎಂದು ಕಾಯಿಸುತ್ತದಲ್ಲ, ಅಂಥ ದನಿಗಳಲ್ಲಿ ಕೆಲವು ಅವನವು. ಕರೆದಾಗ ಉಂಟು, ಕರೆಯದಿದ್ದರೆ ಇಲ್ಲ. ಇಂಥವರೆಂಬ ಯಜಮಾನರೂ ಇಲ್ಲ. ಒಮ್ಮೆ ನಾನು ಕೊಳಾಯಿಯವರಿಗೆ ಫೋನ್ ಮಾಡಿದಾಗ ಆ ಕಡೆಯಿಂದ ಬಹಳ ಮರ್ಯಾದೆಯಾಗಿ "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಅವನೇ ಹೇಳಿದ. "ಅಮೂಲ್ಯ ಆದ್ರೆ ಬರ್ತಾ ಸೋಪು ತಗೊಂಡು ಬಾ" ಎಂದು ಇಟ್ಟುಬಿಟ್ಟೆ. ನಮ್ಮ ಕಟ್ಟಡದವರೆಲ್ಲ ಅವನನ್ನು ಕರೆಯುವುದು 'ಪ್ರಕಟಣೆ' ಎಂದು. "ಪ್ರಕಟಣೆ ಮನೇಲಿದಾರಾ?" ಎಂದು ಬಾಗಿಲಲ್ಲಿ ಕೇಳುವವರಿಗೆ ಅದು ಅಡ್ಡಹೆಸರೆಂಬುದೇ ಮರೆತುಹೋಗಿದೆ.

ಅವನ ನಡಿಗೆಯನ್ನು ನೋಡಬೇಕು. ಬೆರಳ ತುದಿ ಮೊದಲು ನೆಲ ಮುಟ್ಟಿ, ಅಂಗಾಲು ನಿಧಾನವಾಗಿ ಒರಗಿ, ಹಿಮ್ಮಡಿಯು ಕರೆಯದೆ ಬಂದ ನೆಂಟನಂತೆ ಸಂಕೋಚಪಟ್ಟು ಕೊನೆಗೆ ಕೂರುತ್ತದೆ. ಹದಿನೇಳು ವರ್ಷ ಸದ್ದಿಗೆ ಹೆದರಿ ಬದುಕಿದವನ ನಡಿಗೆ ಅದು. ಗಂಜಿ ಹಾಕಿದ ಅಂಗಿ ಸರಸರ ಎನ್ನುತ್ತದೆಂದು ತೊಡುವುದಿಲ್ಲ. ಕಂದು ಬಣ್ಣದ ಒಂದು ಹಳೆಯ ಉಣ್ಣೆಯ ಕೋಟು, ಬೇಸಿಗೆಯಲ್ಲಿಯೂ ಅದೇ. ಅದರ ಗುಂಡಿಗಳು ಒಂದಕ್ಕೊಂದು ತಾಗಿ ಟಿಕ್ ಎಂದಾವೆಂದು ಎಲ್ಲವನ್ನೂ ಕೀಳಿಸಿ, ನನ್ನ ಕೈಯಲ್ಲಿ ಬಟ್ಟೆಯ ಕಸೆ ಹೊಲಿಸಿಕೊಂಡಿದ್ದಾನೆ. ಇನ್ನು ಮಾತು. ಪ್ರಕಟಣೆಗಳನ್ನು ಎರಡೆರಡು ಸಲ ಹೇಳಿ ಹೇಳಿ, ಮನೆಯ ಮಾತನ್ನೂ ಎರಡು ಸಲ ಹೇಳುವುದು ಅವನಿಗೆ ರೂಢಿಯಾಗಿಬಿಟ್ಟಿದೆ. ಮೊದಲನೆಯದು ಲೋಕಕ್ಕೆ, ಎರಡನೆಯದು ಒಂದು ಮೆಟ್ಟಿಲು ಕೆಳಗಿಳಿದ ದನಿಯಲ್ಲಿ, ತನಗೇ. "ಉಪ್ಪು ಜಾಸ್ತಿ. ಉಪ್ಪು ಜಾಸ್ತಿ."

ನಮ್ಮದು ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮುಂದಿನದು ಹಜಾರ, ಅವನು ಮಲಗುವುದು ಅಲ್ಲಿ. ಹಿಂದಿನದರಲ್ಲಿ ನನ್ನ ಮಂಚ. ಹನ್ನೊಂದು ವರ್ಷದ ಹಿಂದೆ ನಮ್ಮೆಜಮಾನರು ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ, ಒಂದು ಮಂಚ, ಎರಡು ಕಂಬಳಿ ತೆಗೆದುಕೊಂಡು ನಾನು ಇಲ್ಲಿಗೆ ಬಂದಾಗ ಆ ಕೋಣೆಯನ್ನು ನನಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಎಂದರೂ ಮಧ್ಯಾಹ್ನ ಎರಡು ಗಂಟೆಗೆ ಅದು ಅವನದೇ. ಮೊಳೆಗಳಿಗೆ ಕಂಬಳಿಗಳನ್ನು ಸಿಕ್ಕಿಸಿ, ಕಿಟಕಿಗೆ ದಿಂಬು ಒತ್ತಿ, ಫ್ಯಾನು ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ತೊಟ್ಟಿಕ್ಕುವ ನಲ್ಲಿಯ ಮೂತಿಗೆ ನೀರು ದಾರ ಹಿಡಿದು ಸದ್ದಿಲ್ಲದೆ ಇಳಿಯಲೆಂದು ಒಂದು ನೂಲು ಕಟ್ಟಿ, ಮೈಕಿನ ಮುಂದೆ ನಿಲ್ಲುತ್ತಾನೆ. ನಾನು ಮಂಚದ ಮೇಲೆ ಗೋಡೆಗೊರಗಿ ಕೂರುತ್ತೇನೆ. ಏನಾದರೂ ಸದ್ದು ಕೇಳಿಸಿದರೆ ಬೆರಳೆತ್ತುವುದು ನನ್ನ ಕೆಲಸ. ಪಾರಿವಾಳ ರೆಕ್ಕೆ ಬಡಿದರೆ, ಮೇಲಿನ ಮನೆಯವರು ಕುರ್ಚಿ ಎಳೆದರೆ, ಅವನ ನಾಲಿಗೆ ಅಂಟಿಕೊಂಡರೆ ಬೆರಳೆತ್ತುತ್ತೇನೆ. ಒಮ್ಮೆ ನನ್ನ ಹೊಟ್ಟೆಯೇ ಗುರುಗುಟ್ಟಿದಾಗಲೂ ಎತ್ತಿದೆ. ಅವನು ಮರುಮಾತಿಲ್ಲದೆ ಮೊದಲಿನಿಂದ ಶುರುಮಾಡುತ್ತಾನೆ. ನನಗೆ ಓದು ಬಾರದಿದ್ದರೂ ಕಿವಿ ಚುರುಕು. ಆ ಒಂದು ವಿಷಯಕ್ಕೆ ಅವನು ನನ್ನನ್ನು ವಿದುಷಿಯಂತೆ ಕಾಣುತ್ತಾನೆ.

ಹೀಗೆ ನಡೆಯುತ್ತಿದ್ದ ಮನೆಗೆ ತೆರಿಗೆಯ ಕಚೇರಿಯಿಂದ ಒಂದು ಪತ್ರ ಬಂತು. ದನಿಯ ವರಮಾನವೂ ಈಗ ಸಂಬಳದ ಹತ್ತಿರ ಹತ್ತಿರಕ್ಕೆ ಬಂದಿರುವುದರಿಂದ ಅದರ ಲೆಕ್ಕವನ್ನೂ ಈ ವರ್ಷದಿಂದ ಬೇರೆಯಾಗಿ ಕೊಡಬೇಕೆಂದು ಅದರಲ್ಲಿತ್ತು. ಲೆಕ್ಕದ ವರ್ಷ ಮುಗಿಯಲು ಇನ್ನೂ ಆರೇಳು ತಿಂಗಳಿತ್ತು. ಪತ್ರ ಹಿಡಿದುಕೊಂಡು ಅವನು ಲೆಕ್ಕ ಬರೆದುಕೊಡುವ ಒಬ್ಬ ಹೆಂಗಸಿನ ಬಳಿಗೆ ಹೋದ. ಆಕೆಯನ್ನು ನಾವು ಆಡಿಟರಮ್ಮ ಎನ್ನುತ್ತೇವೆ. ಚುರುಕು ಹೆಂಗಸು, ಮಾತು ಕತ್ತರಿಯ ಹಾಗೆ. ಆಕೆ ಹೇಳಿದ್ದು ಇಷ್ಟು: ದನಿಯ ಕೆಲಸಕ್ಕೆಂದು ಮಾಡಿದ ಖರ್ಚನ್ನು ಆ ವರಮಾನದಲ್ಲಿ ಕಳೆಯಬಹುದು, ಉಳಿದದ್ದಕ್ಕೆ ಮಾತ್ರ ತೆರಿಗೆ, ಮನೆಯ ಖರ್ಚನ್ನು ಕಳೆಯುವ ಹಾಗಿಲ್ಲ, ಎರಡಕ್ಕೂ ಬಳಸಿದ್ದಾದರೆ ನ್ಯಾಯವಾದ ಪಾಲು.

ನ್ಯಾಯವಾದ ಪಾಲು! ಆ ಎರಡು ಮಾತು ಸ್ನಾನದ ನೀರು ಕಿವಿಗೆ ಹೊಕ್ಕ ಹಾಗೆ ಅವನ ತಲೆಯೊಳಗೆ ಹೊಕ್ಕವು; ಎಷ್ಟು ಕುಪ್ಪಳಿಸಿದರೂ ಆಚೆ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅರ್ಧ ಎಂದೋ ಕಾಲುಭಾಗ ಎಂದೋ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇವನು ರಟ್ಟು ಕತ್ತರಿಸಿ ಚೀಟಿಗಳನ್ನು ಮಾಡಿದ. ಒಂದು ಮಗ್ಗುಲಲ್ಲಿ 'ಉದ್ಯೋಗ', ಇನ್ನೊಂದು ಮಗ್ಗುಲಲ್ಲಿ 'ಮನೆ'. ದಾರ ಪೋಣಿಸಿ ಕಂಬಳಿಗೆ, ದೀಪಕ್ಕೆ, ನೀರು ಕಾಯಿಸುವ ಕೆಟಲಿಗೆ, ಫೋನಿಗೆ, ಕಿಟಕಿಯ ದಿಂಬಿಗೆ ಕಟ್ಟಿದ. ಬಳಸುವವರು ಬಳಸುವ ಮುಂಚೆ ಚೀಟಿ ತಿರುಗಿಸಬೇಕು, ಪಕ್ಕದ ಪುಸ್ತಕದಲ್ಲಿ ಹೊತ್ತು ಗುರುತು ಹಾಕಬೇಕು. ಬಳಸುವವರು ಎಂದರೆ ನಾನು.

"ಬಿಸಿನೀರು ಯಾತಕ್ಕೆ ಇಟ್ಟೆ ಅಕ್ಕಾ?"

"ಗಂಟಲು ಮುಕ್ಕಳಿಸ್ತೀನಿ ಅಂದ್ಯಲ್ಲಪ್ಪ."

"ಉಳಿದ ನೀರಲ್ಲಿ ಚಹಾ ಮಾಡಿದ್ಯಾ?"

"ಚೆಲ್ಲಬೇಕಿತ್ತಾ?"

ಅವನು ಕೆಟಲಿನ ಮುಂದೆ ಬಹಳ ಹೊತ್ತು ನಿಂತ. ಗಂಟಲಿಗೆಂದು ಕಾದ ನೀರು ಚಹಾ ಆದಾಗ, ಅದನ್ನು ಕಾಯಿಸಿದ ವಿದ್ಯುತ್ತು ಯಾರದು? ಆ ಚಹಾ ಕುಡಿದ ಮೇಲೆಯೇ ಅಲ್ಲವೇ ದನಿ ಚೆನ್ನಾಗಿ ಬಂದದ್ದು? ಚಹಾ ಆರಿತು. ನನಗೂ ತಲೆ ಗಿರ್ರೆಂದಿತು. ಬಟ್ಟೆ ಒಗೆಯುವಾಗ ಅವನ ಕೋಟನ್ನು ಹಿಡಿದು, ಇದನ್ನು ಒಗೆಯುವ ನಾನು ಈ ಹೊತ್ತಿನಲ್ಲಿ ಯಾವ ಮಗ್ಗುಲು ಎಂದು ನಾನೂ ಯೋಚಿಸತೊಡಗಿದೆ.

ಆಮೇಲೆ ನನಗೆ ಜ್ವರ ಬಂತು. ನಾಲ್ಕು ದಿನ ಹಗಲೂ ಕಂಬಳಿ ನನ್ನ ಮೇಲೆ. ನಾನು ಎಷ್ಟು ಹೇಳಿದರೂ ತೆಗೆಯಲಿಲ್ಲ. ಒಂದು ಬಸ್ಸಿನ ಹನ್ನೆರಡು ನಿಲ್ದಾಣಗಳ ಹೆಸರನ್ನು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ ಹೇಳಿ ಮುಗಿಸಿದ. ಆಮೇಲೆ ಕೂತು, ಆ ನಾಲ್ಕು ದಿನವನ್ನು ಕಂಬಳಿಯ ಲೆಕ್ಕದಿಂದ ಕಳೆದು, ಬೀರುವಿನ ಬಾಗಿಲಿಗೆ ಒಂದು ಹೊಸ ಚೀಟಿ ಕಟ್ಟಿದ.

ಕೋಟಿನ ಕಥೆ ಇದಕ್ಕಿಂತ ಹೆಚ್ಚು. ಅದನ್ನು ಕೆಲಸದ ಉಡುಪೆಂದು ಬರೆಯಬಹುದೇ ಎಂದು ಕೇಳಿದ್ದಕ್ಕೆ ಆಡಿಟರಮ್ಮ, "ಬೀದೀಲಿ ಹಾಕ್ಕೊಂಡು ಓಡಾಡೋ ಬಟ್ಟೆ ಕೆಲಸದ್ದು ಹೇಗೆ ಆಗುತ್ತೆ ಸಾರ್?" ಎಂದಳಂತೆ. ಆಕೆ ಆಗುವುದಿಲ್ಲ ಎಂದು ಹೇಳಿದ್ದು. ಇವನು ಕೇಳಿಸಿಕೊಂಡದ್ದು, ಬೀದಿಯಲ್ಲಿ ಹಾಕಿಕೊಳ್ಳದಿದ್ದರೆ ಆಗುತ್ತದೆ ಎಂದು. ಮಾರನೆಯ ದಿನದಿಂದ, ಮೈ ನಡುಗುವ ಚಳಿಯಲ್ಲಿ, ಕೋಟನ್ನು ಮೊಳೆಗೆ ಬಿಟ್ಟು ಬರಿಯ ಅಂಗಿಯಲ್ಲಿ ಅಂಗಡಿಗೆ ಹೋಗತೊಡಗಿದ.

"ಕೋಟು ಹಾಕ್ಕೊಂಡು ಹೋಗೋ."

"ಅದು ಉದ್ಯೋಗದ್ದು. ಅದು ಉದ್ಯೋಗದ್ದು."

ಒಂದು ವಾರಕ್ಕೆ ಗಂಟಲು ಕಟ್ಟಿತು. ಹದಿನೇಳು ವರ್ಷ ಜೇನು, ಶುಂಠಿ, ಬಿಸಿನೀರು ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡ ದನಿ, ಕೋಟಿನ ಪಾಲು ಉಳಿಸಲು ಹೋಗಿ, ಹತ್ತು ದಿನ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟಿತು. ಒಂದು ಆಸ್ಪತ್ರೆಯ ಕೆಲಸ ಕೈತಪ್ಪಿತು. ಆಡಿಟರಮ್ಮನಿಗೆ ಫೋನಿನಲ್ಲಿ ಅವನ ಕೆಮ್ಮು ಕೇಳಿಸಿ, "ಕೆಮ್ಮಿಗೂ ರಸೀದಿ ಇದೆಯಾ ಸಾರ್?" ಎಂದಳು. ಇವನು ಅದನ್ನೂ ನಿಜವಾದ ಪ್ರಶ್ನೆಯೆಂದು ತಿಳಿದು ಔಷಧಿಯಂಗಡಿಯ ಚೀಟಿ ಹುಡುಕಿದ.

ಇಷ್ಟೆಲ್ಲ ನಗುವಿನಲ್ಲಿ ಮುಗಿಯಬಹುದಿತ್ತು, ಕೋಣೆಯ ಮಾತು ಬಾರದಿದ್ದರೆ.

ಬೀದಿಯ ಕೊನೆಯ ಅಂಗಡಿಯ ಗಾಜಿನೊಳಗೆ ಒಂದು ಮೈಕಿದೆ. ಅವನು ಎರಡು ವರ್ಷದಿಂದ ಅದನ್ನು ನೋಡಿಕೊಂಡು ಬರುತ್ತಾನೆ. ನಮ್ಮ ಹಳೆಯ ಮೈಕು ಒಳಗೊಳಗೇ ಸುಂಯ್ ಎನ್ನುತ್ತದೆ. ಕೆಲಸ ಕೊಡುವವರು ಒಬ್ಬೊಬ್ಬರಾಗಿ ಗೊಣಗಲು ಶುರುಮಾಡಿದ್ದರು. ಮನೆ ಬಾಡಿಗೆಯಲ್ಲಿ ಕೋಣೆಯ ಪಾಲನ್ನು ಕಳೆಯಲು ಬಂದರೆ ಉಳಿಯುವ ತೆರಿಗೆ ಆ ಮೈಕಿನ ಬೆಲೆಗೆ ಸರಿಹೋಗುತ್ತದೆಂದು ಆಡಿಟರಮ್ಮ ಲೆಕ್ಕ ಹಾಕಿ ತೋರಿಸಿದಳು. ಆದರೆ ಕಂಬಳಿಗೆ ಆದ ಹಾಗೆ ಕೋಣೆಗೆ ಪಾಲು ಮಾಡಲು ಬರುವುದಿಲ್ಲವಂತೆ. ಕೋಣೆ ಉದ್ಯೋಗಕ್ಕೆ ಮಾತ್ರ ಇರಬೇಕು.

"ಅಲ್ಲಿ ಯಾರಾದ್ರೂ ಮಲಗ್ತಾರಾ?"

"ಅಕ್ಕ."

"ಹಾಗಾದ್ರೆ ಆಗಲ್ಲ. ಇವತ್ತೇ ಮಂಚ ಆಚೆ ಹಾಕಿಸಿ, ಇನ್ನುಳಿದ ತಿಂಗಳುಗಳಿಗೆ ಬರೀಬಹುದು."

ಮನೆಗೆ ಬಂದವನು ಇದನ್ನು ನನಗೆ ಹೇಳಲೇ ಇಲ್ಲ. ಮೂರು ದಿನ ಊಟ ಅರ್ಧಕ್ಕೆ ಬಿಟ್ಟ. ನಾನೇ ಕೇಳಿ ಕೇಳಿ ಬಾಯಿ ಬಿಡಿಸಿದೆ. "ಅಷ್ಟೇನಾ? ಹಜಾರದಲ್ಲಿ ಜಾಗ ಇಲ್ವಾ?" ಎಂದೆ. ಆ ಭಾನುವಾರವೇ ಇಬ್ಬರೂ ಸೇರಿ ಮಂಚವನ್ನು ಹಾಸಿಗೆ ಸಮೇತ ಹಜಾರಕ್ಕೆ ತಂದೆವು. ನಿಜ ಹೇಳುತ್ತೇನೆ, ಹನ್ನೊಂದು ವರ್ಷ ನನ್ನ ತಲೆ ತಾಗಿ ಗೋಡೆಯ ಮೇಲೆ ಎಣ್ಣೆಯ ಗುರುತೊಂದು ಮೂಡಿತ್ತು. ಮಂಚ ಎತ್ತಿದ ಮೇಲೆ ಅದೊಂದೇ ಉಳಿದದ್ದನ್ನು ಕಂಡು ಏನೋ ಆಯಿತು. ಅವನೂ ಅದನ್ನು ನೋಡಿದ.

ಒಂಬತ್ತು ದಿನ ಹಾಗೇ ನಡೆಯಿತು. ನಾನು ಹಜಾರದಲ್ಲಿ, ಅವನು ಮುಚ್ಚಿದ ಬಾಗಿಲಿನ ಒಳಗೆ, ಬೆರಳೆತ್ತಲು ಯಾರೂ ಇಲ್ಲದೆ. ಹತ್ತನೆಯ ದಿನ ಕೆಲಸ ಕೊಟ್ಟವರೊಬ್ಬರು ಫೋನ್ ಮಾಡಿ ಬೈದರು. ಎಲ್ಲ ವಾಪಸ್ಸು. ಬಾವಿಯೊಳಗಿಂದ ಮಾತಾಡಿದ ಹಾಗಿದೆಯಂತೆ. ಅವನು ಮೈಕನ್ನು ಬಿಚ್ಚಿದ, ಕಟ್ಟಿದ, ಗೋಡೆಯನ್ನು ತಟ್ಟಿದ, ತಿಳಿಯಲಿಲ್ಲ. ನಾನು ಬಾಗಿಲಲ್ಲಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿದೆ. ಸದ್ದು ನನ್ನ ಕೈಗೇ ವಾಪಸ್ಸು ಬಂತು.

"ಹಾಸಿಗೆ ಇಲ್ಲ ಕಣೋ. ಮೊದಲು ಅದು ನುಂಗ್ತಿತ್ತು."

ಅವನು ನನ್ನನ್ನು ನೋಡಿದ ನೋಟದಲ್ಲಿ ಸಂತೋಷ ಎಷ್ಟಿತ್ತೋ ದಿಗಿಲೂ ಅಷ್ಟೇ ಇತ್ತು. ಮಂಚ ಕೋಣೆಗೆ ಮರಳಿತು, ದನಿ ಮೊದಲಿನ ಹಾಗಾಯಿತು. ಈಗ ಅವನ ತಲೆ ಪೂರ್ತಿ ಕೆಟ್ಟಿತು. ಮಂಚವಿದ್ದರೆ ಉದ್ಯೋಗ ನಡೆಯುತ್ತದೆ, ಆದರೆ ಕೋಣೆ ಉದ್ಯೋಗದ್ದಲ್ಲ. ಮಂಚವಿಲ್ಲದಿದ್ದರೆ ಕೋಣೆ ಉದ್ಯೋಗದ್ದು, ಆದರೆ ಉದ್ಯೋಗವೇ ನಡೆಯುವುದಿಲ್ಲ! ಮಂಚಕ್ಕೆಂದು ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತ ಕೂತಿರುತ್ತಿದ್ದ. ಕೊನೆಗೂ ಅದನ್ನು ಕಟ್ಟಲಿಲ್ಲ.

ಸಹಿ ಹಾಕುವ ಕೊನೆಯ ದಿನ ನನ್ನನ್ನೂ ಜೊತೆಗೆ ಕರೆದ. ಆಡಿಟರಮ್ಮನ ಕಚೇರಿ ಐದನೆಯ ಮಹಡಿ; ಲಿಫ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ಕಚೇರಿ ಎಂದರೆ ಒಂದು ಮೇಜು, ಗೋಡೆಯುದ್ದಕ್ಕೂ ಕಡತ, ಒಣಗಿದ ಒಂದು ಗಿಡ. ತೆರಿಗೆಯ ಕಾಗದದಲ್ಲಿ ಎಲ್ಲ ಭರ್ತಿಯಾಗಿತ್ತು: ಮೈಕಿನ ತಂತಿ, ಗಂಟಲಿನ ಮಾತ್ರೆ, ಫೋನಿನ ಪಾಲು, ಕಂಬಳಿಗಳ ಪಾಲು. ಕಂಬಳಿಯ ಪಾಲನ್ನು ಓದುವಾಗ ಆಕೆ ಪೆನ್ನು ಕಚ್ಚಿಕೊಂಡು ನಗು ತಡೆದಳು. ಕೋಣೆಯ ಸಾಲು ಮಾತ್ರ ಖಾಲಿ.

ಮಂಚದ ಕಥೆಯನ್ನೆಲ್ಲ ಕೇಳಿದ ಮೇಲೆ ಆಕೆ ಪೆನ್ನನ್ನು ಮೇಜಿನ ಮೇಲಿಟ್ಟಳು. ನಾನೇ ಬಾಯಿ ಹಾಕಿದೆ.

"ನೋಡಮ್ಮ, ಮಂಚ ಹಾಸಿಗೆ ಕೋಣೇಲೇ ಇರ್ಲಿ, ದನಿಗೆ. ನಾನು ಹಜಾರದಲ್ಲಿ ಚಾಪೆ ಹಾಕ್ಕೊಂಡು ಮಲಗ್ತೀನಿ. ಆಗ ಆಗುತ್ತಾ?"

ಆಕೆ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. "ಇಷ್ಟು ದಿನದ್ದಕ್ಕೆ ಆಗಲ್ಲಮ್ಮ, ಆ ಒಂಬತ್ತು ದಿನ ಬಿಟ್ಟು. ಆದ್ರೆ ಇವತ್ತಿಂದ ಹಾಗೆ ಮಾಡಿದ್ರೆ ಮುಂದಿನ ವರ್ಷದಿಂದ ಪೂರ್ತಿ ಬರೀಬಹುದು. ಸುಳ್ಳೇನೂ ಆಗಲ್ಲ." ಆಮೇಲೆ ಅವನ ಕಡೆ ತಿರುಗಿ, "ಮೈಕು ಒಂದು ವರ್ಷ ತಡ ಆಗುತ್ತೆ ಅಷ್ಟೇ ಸಾರ್. ಇಲ್ಲಿ 'ಕೋಣೆ ಇನ್ನು ಮುಂದೆ ಉದ್ಯೋಗಕ್ಕೆ ಮಾತ್ರ' ಅಂತ ಒಂದು ಗುರುತು ಹಾಕಿ."

ಅವನು ಕಾಗದವನ್ನು ಎತ್ತಿಕೊಂಡು, ಮೈಕಿನ ಮುಂದೆ ಓದುವ ಹಾಗೆ, ಸ್ಪಷ್ಟವಾಗಿ, ಒಂದೊಂದೇ ಪದವಾಗಿ ಆ ಸಾಲನ್ನು ಗಟ್ಟಿಯಾಗಿ ಓದಿದ. ಓದಿ ನನ್ನ ಕಡೆ ನೋಡಿದ. ನಾನು ಬೆರಳೆತ್ತಲಿಲ್ಲ. ಎತ್ತಬಾರದೆಂದೇ ಕೈಯನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದೆ.

"ಖಾಲಿ ಮಂಚಕ್ಕೆ ಹಾಸಿಗೆ, ಅಕ್ಕನಿಗೆ ನೆಲ," ಎಂದ. "ನಿಜಾನೇ ಆಗುತ್ತೆ ಮೇಡಂ. ಆದ್ರೆ..."

ಆ ಮಾತನ್ನು ಅವನು ಮುಗಿಸಲಿಲ್ಲ, ಎರಡನೆಯ ಸಲ ಹೇಳಲೂ ಇಲ್ಲ. ಪೆನ್ನು ತೆಗೆದುಕೊಂಡು ಕೋಣೆಯ ಸಾಲಿಗೆ ಅಡ್ಡಗೆರೆ ಎಳೆದು, ಕೆಳಗೆ ಸಹಿ ಹಾಕಿದ. ಏಳು ತಿಂಗಳು ಭಾರವಾಗಿದ್ದ ಸಹಿ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

ಇಳಿಯುವಾಗ ಲಿಫ್ಟಿನಲ್ಲಿ ನಾವಿಬ್ಬರೇ. ಅವನು ಯಾವಾಗಲೂ ಮೆಟ್ಟಿಲಿನಲ್ಲೇ ಹೋಗುವವನು, ತನ್ನ ದನಿಯನ್ನು ಕೇಳಲು ನಾಚಿಕೆಯಂತೆ. ನನ್ನ ಮಂಡಿಗಾಗಿ ಬಂದಿದ್ದ. ಬಾಗಿಲು ತೆರೆದೇ ಇತ್ತು. "ಬಾಗಿಲು ಮುಚ್ಚುತ್ತಿದೆ" ಎಂದಿತು ಮೇಲಿನಿಂದ ಅವನದೇ ದನಿ. ಅದರ ಹಿಂದೆಯೇ, ಬಹಳ ಸಣ್ಣಗೆ, ಒಂದು ಕಿರ್ ಎಂಬ ಸದ್ದು.

"ಕೇಳಿಸ್ತಾ?" ಎಂದೆ.

"ಏನು?"

"ನನ್ನ ಮಂಚ ಕಣೋ ಅದು. ನಾನು ಕಾಲು ಮಡಚಿದ್ದು. ಅವತ್ತು ಬೆರಳೆತ್ತೋದು ಮರೆತಿದ್ದೆ ಅನ್ಸುತ್ತೆ."

ಅವನು ತಲೆಯೆತ್ತಿ ದನಿ ಬಂದ ಆ ಪುಟ್ಟ ಜಾಲರಿಯನ್ನೇ ನೋಡುತ್ತ ನಿಂತ. ಮುಖದಲ್ಲಿ ಮತ್ತೆ ಅದೇ ಗೊಂದಲ.

"ಹಾಗಾದ್ರೆ ನೀನೂ ಇದರಲ್ಲಿ ಇದೀಯ. ಇದಕ್ಕೆ ಬಂದ ಹಣದಲ್ಲಿ ನಿನ್ನ ಪಾಲು ಬರೀಬೇಕಿತ್ತಾ? ವಾಪಸ್ ಹೋಗೋಣ್ವಾ ಅಕ್ಕಾ? ವಾಪಸ್ ಹೋಗೋಣ್ವಾ?"

"ಬಾಗಿಲು ಮುಚ್ಚುತ್ತಿದೆ" ಎಂದು ಲಿಫ್ಟು ಎರಡನೆಯ ಸಲ ಹೇಳಿ, ಮುಚ್ಚಿಕೊಂಡು, ಇಳಿಯಿತು.

ಅವನು ಮಾಡಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಮೈಕು ಇನ್ನೂ ಸುಂಯ್ ಎನ್ನುತ್ತಿದೆ, ಅಂಗಡಿಯ ಗಾಜಿನೊಳಗಿನದು ಅಲ್ಲೇ ಇದೆ. ಇಂಥವರು ಪ್ರತಿ ಕಟ್ಟಡದಲ್ಲಿಯೂ ಒಬ್ಬರೋ ಇಬ್ಬರೋ ಇರುತ್ತಾರೆಂದು ಕಾಣುತ್ತದೆ: ಬದುಕನ್ನು ಎರಡು ಹೋಳು ಮಾಡಿ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ, ತಮಾಷೆಯೆಂದು ತಿಳಿಯದೆ, ಮೋಸವನ್ನೂ ಮಾಡದೆ, ನಿಜವಾಗಿಯೂ ಕತ್ತಿ ಹಿಡಿದು ಕೂರುವವರು, ಎಲ್ಲಿ ಕೊಯ್ದರೂ ಯಾರಿಗೋ ತಾಗುತ್ತದೆಂದು ಕಂಡು ಕತ್ತಿಯನ್ನು ಕೆಳಗಿಡುವವರು. ಅವರ ಲೆಕ್ಕದಲ್ಲಿ ಯಾವಾಗಲೂ ಒಂದು ಸಾಲು ಖಾಲಿ ಉಳಿಯುತ್ತದೆ. ಅದಕ್ಕೆ ಅವರು ದಂಡ ತೆರುತ್ತಾರೆ, ತೆತ್ತ ಮೇಲೆಯೂ ಸರಿಯಾಯಿತೇ ಎಂದು ಕೇಳುತ್ತಲೇ ಇರುತ್ತಾರೆ. ಜೊತೆಗೆ ಬದುಕುವವರಿಗೆ ಅದು ಸ್ವಲ್ಪ ಕಾಟವೇ. ಆದರೂ ಅಂಥವರ ಮನೆಯಲ್ಲಿ ಮಲಗುವ ಜಾಗದ ಬಗ್ಗೆ ಯಾರೂ ಹೆದರಬೇಕಾಗಿಲ್ಲ.

ಈಗ ಐದೂವರೆಯಾಯಿತು. ಕೆಲಸ ಮುಗಿಸಿ ಅವನು ಮೈಕಿಗೆ ಹಳೆಯ ಕಾಲುಚೀಲ ತೊಡಿಸಿದ್ದಾನೆ, ಫ್ರಿಜ್ಜಿಗೆ ಜೀವ ಬಂದು ಗುಂಯ್ ಎನ್ನುತ್ತಿದೆ. "ಹಿಡಿ ಅಕ್ಕಾ" ಎಂದು ಕಂಬಳಿಯನ್ನು ಮೊಳೆಯಿಂದ ಬಿಡಿಸಿ ಒಂದು ಅಂಚನ್ನು ನನ್ನ ಕೈಗೆ ಕೊಟ್ಟ. ಚೀಟಿ ಇನ್ನೂ ಅದಕ್ಕೆ ನೇತಾಡುತ್ತಿದೆ. ಈಚೆಗೆ ಯಾರೂ ಅದನ್ನು ತಿರುಗಿಸುವುದಿಲ್ಲ. ಇಬ್ಬರೂ ಎರಡು ಕಡೆ ಹಿಡಿದು ಒಮ್ಮೆ ಜೋರಾಗಿ ಕೊಡವಿದೆವು, ಧೂಳು ಹಾರಿತು, ಅವನು ಸೀನಿದ. ಅಂಚಿಗೆ ಅಂಚು ಕೂಡಿಸಲು ಅವನು ಸದ್ದಿಲ್ಲದ ಹೆಜ್ಜೆಯಲ್ಲಿ ನನ್ನ ಕಡೆಗೆ ನಡೆದು ಬಂದ. ಅವನ ತುದಿಗಳನ್ನು ತೆಗೆದುಕೊಂಡು ನಾನು ಇನ್ನೊಂದು ಮಡಿಕೆ ಹಾಕಿದೆ.